ಮಸಿಕಾಳಿನ ಡಬ್ಬಿ

...ನಗ್ಬೇಡ ಅಕ್ಕ, ನಿಜ ಹೇಳ್ತಿದೀನಿ. ಅಮ್ಮನ ಮಸಿಕಾಳು ಈಗ ಐದು ದೇಶದಲ್ಲಿ ಹೆಸರುವಾಸಿ! ಹಿತ್ತಲಲ್ಲಿ ಬಟ್ಟೆ ಒಣಹಾಕೋ ಬೇಲಿಗೆ ಹಬ್ಬಿರ್ತಿತ್ತಲ್ಲ, ಬಿಳಿ ಬೀನ್ಸ್ ಕಾಳಿನ ಮೇಲೆ ಯಾರೋ ಪೆನ್ನು ಕೊಡವಿದ ಹಾಗೆ ಚುಕ್ಕೆ... ಅದೇ. ಇನ್ನೊಂದು ಲೋಟ ಕಾಫಿ ಇದ್ರೆ ಕೊಡು, ಕಥೆ ಉದ್ದ ಇದೆ.

ಅಲ್ಲೆಲ್ಲ ಬೀನ್ಸ್‌ಗೆ ತುಕ್ಕು ರೋಗ ಬಂದಿದೆ. ಎಲೆ ಮುಟ್ಟಿದ್ರೆ ಕೈಗೆ ಕೆಂಪು ಪುಡಿ. ಬರದೇ ಇರುತ್ತಾ? ಐದೂ ದೇಶದವರು ಒಂದೇ ತಳಿ ಬಿತ್ತಿ ಕೂತಿದ್ರು. ಹೆಚ್ಚು ಇಳುವರಿ, ಒಂದೇ ಎತ್ತರ, ಒಂದೇ ದಿನ ಕೊಯ್ಲು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಮಕ್ಕಳು, ಒಬ್ಬನಿಗೆ ಕೆಮ್ಮು ಬಂದ್ರೆ ಊರಿಗೆಲ್ಲ ಕೆಮ್ಮು. ಆಗ ಯಾರೋ ಹಳೇ ಪ್ರಯೋಗದ ಕಾಗದ ಕೆದಕಿದ್ರಂತೆ. ನೂರಾರು ತಳಿ ಸುಟ್ಟು ಸೊರಗಿದ ಹೊಲದಲ್ಲಿ ಒಂದೇ ಒಂದು ಸಾಲು, ಅಮ್ಮನ ಕಾಳಿನದು, ಹಸಿರಾಗಿ, ನಮ್ಮಮ್ಮನ ಹಾಗೇ ಸೊಂಟದ ಮೇಲೆ ಕೈಯಿಟ್ಟು ನಿಂತಿತ್ತಂತೆ. ನಗು, ಈಗ ನಗು.

ನಾನು ಕೆಲಸ ಮಾಡೋ ಬೀಜ ಭಂಡಾರಕ್ಕೆ ಪತ್ರ ಬಂತು: ಐವತ್ತು ಕಾಳು ಕಳಿಸಿ, ನಮ್ಮ ತಳಿ ಜೊತೆ ಸಂಕರ ಮಾಡ್ತೀವಿ. ನಮ್ಮ ಸಾಹೇಬ್ರು ಕುಣಿಯೋದೊಂದು ಬಾಕಿ. ಇದು ನಿಮ್ಮ ತಾಯಿಯದೇ ಅಲ್ವಾ ಅಂತ ನನಗೆ ಕೈ ಕುಲುಕಿದ್ರು!

ಅದಕ್ಕೇ ಬಂದೆ. ಅಂದ್ರೆ ನಿನ್ನನ್ನ ನೋಡೋಕೇ ಬಂದೆ. ಬಂದಿದ್ದೀನಲ್ಲ, ಒಂದು ಹಿಡಿ ಮಸಿಕಾಳು ಕಟ್ಟಿಕೊಡು. ಅಮ್ಮನ ನೆನಪಿಗೆ. ಬಾಲ್ಕನಿಯಲ್ಲಿ ಒಂದು ಕುಂಡ ಇಡ್ತೀನಿ.

ಯಾಕೆ ಹಾಗೆ ನೋಡ್ತೀಯ? ನಾನು ಕುಂಡ ಇಡಬಾರ್ದಾ?

ಹೌದು, ಬಿತ್ತೋದು ಬಿಡು ಅಂತ ನಾನೇ ನಿನಗೆ ಅಂದಿದ್ದೆ. ಮಂಡಿ ನೋವಲ್ಲಿ ಯಾಕೆ ಒದ್ದಾಡ್ತೀಯ, ನನ್ನ ಹತ್ರ ತಣ್ಣಗಿನ ಕೋಣೆಯಲ್ಲಿ ಭದ್ರವಾಗಿದೆ ಅಂತ. ನೀನು ಹೂಂ ಅಂದು ಮರುದಿನವೇ ಬಿತ್ತಿದೆ, ಗೊತ್ತು. ಜನ್ಮದಲ್ಲಿ ಒಮ್ಮೆಯಾದ್ರೂ ನನ್ನ ಮಾತು ಕೇಳಿದೀಯಾ? ದೇವರ ದಯೆ, ಕೇಳ್ಲಿಲ್ಲ.

ದೇವರ ದಯೆ ಅಂದ್ನಾ? ಬಾಯಿಗೆ ಬಂತು, ಅಂದೆ.

ಇದೆಯಪ್ಪ, ಭಂಡಾರದಲ್ಲೂ ಇದೆ. ಬೀಜ ಅಲ್ಲಿ ನಿದ್ದೆ ಮಾಡ್ತಿರುತ್ತೆ. ಹತ್ತು ವರ್ಷಕ್ಕೊಮ್ಮೆ ಎಬ್ಬಿಸಿ, ಬಿತ್ತಿ, ಹೊಸ ಕಾಳು ತುಂಬಿಡಬೇಕು, ಇಲ್ಲದಿದ್ರೆ ನಿದ್ದೆಯಲ್ಲೇ ಹೋಗಿಬಿಡುತ್ತೆ. ಅಮ್ಮನ ಕಾಳಿನ ಸರದಿ ಏಳು ವರ್ಷದ ಹಿಂದೆ ಬಂತು. ನಾನೇ ಮಾಡಿದೆ. ಈ ಕೈಯಾರೆ. ನಾಲ್ಕು ತಿಂಗಳು ಭಂಡಾರದ ಹೊಲ ಬಿಟ್ಟು ಕದಲಲಿಲ್ಲ. ಬೆನ್ನು ಬಿದ್ದುಹೋಯ್ತು ಅಕ್ಕ, ಬಿಸಿಲು ಅಂದ್ರೆ...

ಏನು ನೋಡ್ತಿದೀಯ? ಫ್ರಿಜ್ಜಾ?

ಓ. ಆ ಪೋಸ್ಟ್‌ಕಾರ್ಡ್‌ಗಳನ್ನೆಲ್ಲ ಇನ್ನೂ ಅಂಟಿಸಿಟ್ಟಿದೀಯಾ.

ನಾನೇ ಕಳಿಸಿದ್ದು, ಹೌದು. ಹಡಗಿನ ಚಿತ್ರದ್ದು, ದ್ವೀಪದ್ದು, ಆ ಹಳದಿ ಪೇಟೆಯದ್ದು, ಆಮೇಲೆ ಒಂಟೆ. ತಿಂಗಳಿಗೊಂದು. ತಾರೀಕು ಬೇರೆ ಬರೆದಿದೀನಿ, ದಡ್ಡಿ. ಏಳು ವರ್ಷದ ಹಿಂದಿನದು... ಅದೇ ನಾಲ್ಕು ತಿಂಗಳು.

ಏನಾದ್ರೂ ಅನ್ನು ಅಕ್ಕ. ಬೈಯಿ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಅನ್ನು, ಯಾವಾಗಲೂ ಅಂತೀಯಲ್ಲ.

ಸರಿ. ಬಿತ್ತಲಿಲ್ಲ. ಬಿತ್ತಿದೆ ಅಂತ ಭಂಡಾರದ ಪುಸ್ತಕದಲ್ಲಿ ಬರೆದು ಊರು ಸುತ್ತೋಕೆ ಹೊರಟುಬಿಟ್ಟೆ. ಬಂದ ಮೇಲೆ ಮಾಡಿದ್ರಾಯ್ತು ಅಂದುಕೊಂಡೆ. ಬಂದೆ, ಮತ್ತೆ ಹೋದೆ. ಹೋದ ವಾರ ಪೊಟ್ಟಣ ಬಿಚ್ಚಿ ನೂರು ಕಾಳು ಒದ್ದೆ ಕಾಗದದಲ್ಲಿ ಸುತ್ತಿಟ್ಟೆ. ಮೊಳಕೆ ಬಂತಾ ಅಂತ ದಿನಾ ಬಿಚ್ಚಿ ನೋಡಿದೆ. ಒಂದೂ... ಒಂದೇ ಒಂದೂ ಬಾಯಿ ಬಿಡಲಿಲ್ಲ. ಅಮ್ಮನ್ನ ನಾನು ಅಲ್ಲಿಟ್ಟು ಮರೆತುಬಿಟ್ಟೆ ಅಕ್ಕ. ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ನಿನ್ನ ಹತ್ರ ಇರೋದೇ.

ಎಲ್ಲಿಗೆ ಎದ್ದೆ?

ಅಬ್ಬ, ಡಬ್ಬಿ. ಸದ್ದು ಕೇಳು, ಗಲಗಲ ಅಂತಿದೆ! ಕೊಡು, ನಾಳೆ ಬೆಳಿಗ್ಗೆಯ ವಿಮಾನಕ್ಕೆ ನನ್ನ ಚೀಲದಲ್ಲೇ... ಯಾಕೆ ಎದೆಗವುಚಿಕೊಂಡೆ? ಐವತ್ತು ಕಾಳು ಸಾಕು. ಸರಿ, ಎಲ್ಲವನ್ನೂ ಬೇಡ, ಅವರದ್ದು ಐವತ್ತು, ಅಷ್ಟೇ. ಹಾಂ, ಹಾಗೆ, ಎಣಿಸು. ನೀನು ತಾಯಿ.

ಇದು ಇನ್ನೊಂದು ಹಿಡಿ ಯಾಕೆ? ಭಂಡಾರಕ್ಕಾ?

ಮತ್ತೆ ಈ ಗುದ್ದಲಿ?

ನಾನಾ? ಇಲ್ಲೇನಾ? ಈ ಬೂಟಿನಲ್ಲಾ? ಅಕ್ಕ, ಬಿತ್ತಿ, ಕಾಯಿ ಒಣಗಿ, ಕಾಳು ಬಿಡಿಸೋವರೆಗೂ ಅಂದ್ರೆ ನಾಲ್ಕು ತಿಂಗಳು! ಅವರ ಐವತ್ತನ್ನ ಅಂಚೆಗೆ ಹಾಕು ಅಂತೀಯಾ? ಸಾಹೇಬ್ರಿಗೆ ಏನು ಹೇಳ್ಲಿ?

...ನಿಜ ಹೇಳೋದಾ.

ಬಾಗಿಲು ತೆಗೆದು ನಿಂತೇಬಿಟ್ಯಾ. ಬಂದೆ, ಬಂದೆ. ಬೇಲಿ ಪಕ್ಕ ತಾನೆ? ಅಗೆದೆ, ನೋಡು. ಎಷ್ಟು ಆಳ ಹಾಕ್ಬೇಕು... ಬೆರಳಿನ ಒಂದು ಗೆಣ್ಣಾ, ಎರಡಾ?

ಯಾಕೆ ನಗ್ತೀಯ?