ಎಡಕ್ಕ ಮೂರನೇದು

ಹೊಸಪೇಟೆ ಬಸ್ ನಿಲ್ದಾಣದಲ್ಲಿ ವಿರುಪಮ್ಮ ಖಾಲಿ ಬಾಳೆಹಣ್ಣಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕಮಲಾಪುರದ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಒಬ್ಬಳು ಮಂಡಕ್ಕಿ ತಿನ್ನುತ್ತಿದ್ದಳು. ಅವಳ ಗಂಡನದು ಮಾತ್ರ ಏಳುವುದು, ಕೂರುವುದು, ಮತ್ತೆ ಏಳುವುದು.

“ಒಂದ್ ಕಡೆ ಕುಂದ್ರಿ. ಬಂದರಿನಾಗ ಆ ಹಡಗಿನ ಕೆಲ್ಸ ನಿನ್ನೇನ ಮುಗೀತು ಅಂದ್ರಲ್ಲ?”

“ಮುಗೀತು ಲಲಿತಾ. ಬಾಯ್ಲರ್‌ನಾಗ ಹನ್ನೊಂದು ಹೊಸ ಟ್ಯೂಬ್ ಕುಂದ್ರಿಸಿದೆ. ಸೋರೋದು ಇನ್ನೊಂದಿತ್ತು, ಅದರ ಎರಡೂ ಬಾಯಿಗೆ ಬಿರಡೆ ಬಡಿದೆ.”

“ಮತ್ಯಾಕ ಚಡಪಡಿಸ್ತೀರಿ?”

“ನೀರು ತುಂಬಿ, ಪ್ರೆಶರ್ ಕೊಟ್ಟು ನೋಡಾಕ ಹಡಗಿನೋರು ಬಿಡ್ಲಿಲ್ಲ. ಹಡಗು ಇವತ್ತ ಹೊಂಡಬೇಕಂತ. ಹನ್ನೊಂದಕ್ಕ ಬೆಂಕಿ ಹಚ್ತಾರ.”

ವಿರುಪಮ್ಮ ಗಡಿಯಾರ ನೋಡಿದಳು. ಹತ್ತೂ ಮುಕ್ಕಾಲು.

“ಬಿರಡೆ ಸಡ್ಲ ಅದಾವೇನು?”

“ಗಟ್ಟಿ ಅದಾವ. ಮುಂದ ನಿಂತು ಎಣಿಸಿದೆ, ಎಡಕ್ಕ ಮೂರನೇದು. ಹಿಂದಕ್ಕ ಹೋಗಿ ಎಣಿಸಿದೆ, ಅಲ್ಲೂ ಎಡಕ್ಕ ಮೂರನೇದು.”

ಮಂಡಕ್ಕಿ ಹಿಡಿದ ಲಲಿತಾಳ ಕೈ ಬಾಯಿಗೆ ಹೋಗದೆ ನಿಂತಿತು.

“ರೀ, ಹಿಂದಕ್ಕ ಹೋಗಿ ನಿಂತ್ರ ಎಡ ಹೋಗಿ ಬಲ ಆಗಂಗಿಲ್ಲೇನು?”

ಅವನು ಆಗ ಕೂತ, ಧೊಪ್ಪನೆ.

“ಅಯ್ಯೋ, ಸೋರೋದ್ರ ಹಿಂದ್ಲ ಬಾಯಿ ಹಂಗ ತೆರದೈತಿ. ಉಗಿ ಏರಿದ್ರ ಕುದಿಯೋ ನೀರು ಅಲ್ಲಿಂದ ಚಿಮ್ತೈತಿ.”

“ಫೋನ್ ಹಚ್ರಿ.”

“ತಪ್ಪು ನಂದು ಅಂದ್ರ ಮತ್ತ ಕೆಲ್ಸಕ್ಕ ಕರೆಯಂಗಿಲ್ಲ ಅವ್ರು.”

“ಹಿಂದ ಯಾರು ನಿಂತಿರ್ತಾರ?”

“ನನ್ ಜೊತಿ ಕೆಲ್ಸದ ಜಂಬಯ್ಯ.”

ಲಲಿತಾಳೇ ಜಂಬಯ್ಯನ ನಂಬರ್ ಒತ್ತಿ ಫೋನನ್ನು ಅವನ ಕಿವಿಗೆ ಹಿಡಿದಳು. ಅವರು ಹತ್ತಬೇಕಿದ್ದ ಸಂಡೂರಿನ ಬಸ್ಸು ಬಂತು. ಅದನ್ನು ಬಿಟ್ಟು ಇಬ್ಬರೂ ಗದ್ದಲ ಕಡಿಮೆಯಿದ್ದ ಗೇಟಿನ ಕಡೆ ಓಡಿದರು. ಅವನ ಕೂಗು ವಿರುಪಮ್ಮನವರೆಗೂ ಕೇಳಿಸಿತು.

“ಜಂಬಣ್ಣಾ, ಬೈಯೋದು ಆಮ್ಯಾಲೆ ಬೈ. ಮೊದ್ಲ ಅಲ್ಲಿಂದ ಹೊರಗ ಬಾ.”