ಜಗಲಿಗೆ ಹಾಕಿದ ಬೀಗ

ಅಧ್ಯಕ್ಷತೆ ವಹಿಸಿರುವ ಗಂಗಾಧರಸ್ವಾಮಿಯವರೇ, ಚಾಮರಾಜನಗರದಿಂದ ಬಂದಿರುವ ಮುಖ್ಯ ಅತಿಥಿ ಬಸವಪ್ರಸಾದ್ ಅವರೇ, ಗುಂಡ್ಲುಪೇಟೆಯ ಸಭಿಕರೇ,

ಶಾಲು ಹೊದಿಸಿದ್ದಾಗಿದೆ, ಹಣ್ಣಿನ ತಟ್ಟೆ ಕೊಟ್ಟಿದ್ದಾಗಿದೆ. ಈ ಮಾತನ್ನು ಅದಕ್ಕೆ ಮೊದಲೇ ಹೇಳಬೇಕಿತ್ತು. ನಮ್ಮ ಕಂಪ್ಯೂಟರ್ ಕಲಿಕಾ ಕೇಂದ್ರದ ಯಂತ್ರಗಳಲ್ಲಿದ್ದ ದೋಷ ಕಂಡುಹಿಡಿದೆ ಎಂದು ನನಗೆ ಈ ಸನ್ಮಾನ, ಆದರೆ ಕಂಡುಹಿಡಿದವನು ನಾನಲ್ಲ. ಯುಗಾದಿಯಿಂದ ಇದನ್ನು ಮುಚ್ಚಿಟ್ಟುಕೊಂಡು ಬಂದಿದ್ದೇನೆ. ಆಮಂತ್ರಣ ಪತ್ರದಲ್ಲಿ ‘ಇಂಜಿನಿಯರ್ ಶಿವಸ್ವಾಮಿ’ ಎಂದು ಹಾಕಿರುವುದು ಪ್ರೆಸ್ಸಿನವರ ಪ್ರೀತಿ. ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು. ಒಂದು ಕಡೆ ಕೂತು ಕೇಳುವುದು ನನಗೆ ಆಗ ಆಗಲಿಲ್ಲ, ಈಗಲೂ ಆಗುವುದಿಲ್ಲ.

ದೋಷ ಯಾವುದು? ಕಲಿಯುವವರ ಖಾತೆ ಮನೆಯ ಜಗಲಿಯಿದ್ದ ಹಾಗೆ. ಕೂರಬಹುದು, ಬರೆಯಬಹುದು, ಒಳಮನೆಗೆ ಹೋಗುವಂತಿಲ್ಲ. ಅಡ್ಮಿನ್ ಖಾತೆ ಯಜಮಾನನದು, ಅವನಿಗೆ ಎಲ್ಲ ಬಾಗಿಲೂ ತೆರೆದಿರುತ್ತವೆ. ನಮ್ಮ ಆಪರೇಟಿಂಗ್ ಸಿಸ್ಟಂನಲ್ಲಿ ಒಂದು ಸಂದಿ ಉಳಿದುಬಿಟ್ಟಿತ್ತು. ಜಗಲಿಯಲ್ಲಿ ಕೂತವರು ಪಾಸ್‌ವರ್ಡ್ ಇಲ್ಲದೆಯೇ ಯಜಮಾನರಾಗಬಹುದಿತ್ತು. ಸಿಸ್ಟಂ ಮಾಡಿದವರು ಅದನ್ನು ಸರಿಪಡಿಸಿ ಅಪ್‌ಡೇಟ್ ಕಳಿಸಿದ್ದರು. ಕೇಂದ್ರದ ಯಂತ್ರಗಳನ್ನು ನೋಡಿಕೊಳ್ಳುವವನು ನಾನು, ಹಾಕಬೇಕಾದವನೂ ನಾನೇ. ಹಾಕಿದರೆ ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಬೇಕು, ಕ್ಲಾಸು ನಿಲ್ಲುತ್ತದೆ ಎಂದು ನಾಳೆ ನಾಳೆ ಅನ್ನುತ್ತಿದ್ದೆ.

ಭೀಮನಬೀಡಿನ ಮೂಗಮ್ಮನವರ ಮಗಳು ಶಾಂತಿ, ಕೂಲಿ ಮಾಡುವವರಿಗೆಂದು ನಡೆಯುತ್ತಿದ್ದ ಸಂಜೆ ತರಗತಿಗೆ ಬರುತ್ತಿದ್ದಳು. ಹತ್ತನೇ ತರಗತಿಯಲ್ಲಿ ಗಣಿತ ಹೋಗಿ, ಮೂರು ವರ್ಷ ಕೂಲಿ ಮಾಡಿ ಬಂದವಳು. ಈ ದೋಷದ ಸುದ್ದಿಯನ್ನು ಎಲ್ಲೋ ಓದಿ, ನಮ್ಮಲ್ಲೂ ಇದೆಯೇ ಎಂದು ಪರೀಕ್ಷಿಸಿದ್ದಾಳೆ. ನನ್ನ ಮೇಜಿನ ಮುಂದೆ ಬಂದು ನಿಂತಳು.

“ಶಿವಣ್ಣ, ನಾನೇನೋ ಮಾಡ್ಬುಟ್ಟೆ ಕಣಣ್ಣ. ನಿನ್ ಬಾಗ್ಲು ತಕ್ಕಬುಡ್ತು.”

“ಯಾವ್ ಬಾಗ್ಲಮ್ಮಿ?”

“ಅಡ್ಮಿನ್ದು. ಬೈಬ್ಯಾಡ. ಏನಾದ್ರು ಆದ್ರೆ ಏಳಿ ಅಂದಿದ್ಯಲ್ಲ.”

ಅಂದಿದ್ದೆ. ಹೇಳಿದವರಿಗೆ ಏನೂ ಆಗುವುದಿಲ್ಲ ಎಂದು ಮೊದಲ ದಿನವೇ ಎಲ್ಲರಿಗೂ ಅಂದಿದ್ದೆ. ಅವಳು ನಂಬಿದ್ದಳು. ಮಾರನೇ ದಿನ ಅಪ್‌ಡೇಟ್ ಹಾಕಿ, ಅವಳನ್ನೇ ಕೂರಿಸಿ ಮತ್ತೆ ಪ್ರಯತ್ನಿಸು ಎಂದೆ. “ಈಗ ಆಯ್ತಿಲ್ಲ ಕಣಣ್ಣ. ನಿನ್ ಯಜಮಾನ್ಕೆ ಉಳೀತು, ಬುಡು” ಎಂದು ನಕ್ಕಳು. ಕೆಲಸ ಅಲ್ಲಿಗೆ ಮುಗಿದಿತ್ತು.

ನಮ್ಮ ಕೇಂದ್ರಕ್ಕೂ ಅಧ್ಯಕ್ಷರು ಗಂಗಾಧರಸ್ವಾಮಿಯವರೇ, ಅವರಿಗೆ ತಿಳಿಸಿದೆ. “ಯಾರ್ಲಾ ಒಳಕ್ಕೋದೋರು?” ಎಂದು ಕೇಳಿದರು. ಹೆಸರು ಹೇಳಿದರೆ ಕಳ್ಳಿ ಅಂದಾರು ಎಂದು, ನಾನೇ ಒಳಹೋಗಿ ನೋಡಿದೆ ಎಂದೆ. ಅವರು “ನಿನಗಾದ್ರೆ ಸಂಜೆಯೋರ್ಗೂ ಆಯ್ತದೆ. ಜಗಲಿಗ್ ಬುಟ್ರೆ ಅಡ್ಗೆಮನೆಗೇ ಬತ್ತರೆ ಕಣ್ಲಾ. ಅವ್ರ್ನ ನಿಲ್ಸ್‌ಬುಡು” ಅಂದರು. ಅಧ್ಯಕ್ಷರೇ, ನಿಮ್ಮ ಮಾತನ್ನು ನಾನು ತಿರುಚಿಲ್ಲ ಎಂದುಕೊಂಡಿದ್ದೇನೆ. ಹಗಲು ತರಗತಿಯವರದ್ದೂ ಅದೇ ಖಾತೆ, ಅದೇ ಜಗಲಿ. ಅವರನ್ನು ಯಾರೂ ನಿಲ್ಲಿಸಲಿಲ್ಲ. ಸಂದಿ ಮುಚ್ಚಿದೆ, ಇನ್ನು ಭಯವಿಲ್ಲ ಎಂದು ನಾನು ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ, ಸಂಜೆ ತರಗತಿ ನಿಂತಿತು. ಏಕೆ ಹೇಳಲಿಲ್ಲ? ಅಪ್‌ಡೇಟ್ ಹಾಕದೆ ಕೂತಿದ್ದವನು ಯಾರು ಎಂಬ ಮಾತು ಬಂದೀತು ಎಂಬ ಅಂಜಿಕೆ.

ಈಗ ಸಂಜೆಯ ಹೊತ್ತು ಕಂಪ್ಯೂಟರುಗಳೆಲ್ಲ ಹೊದಿಕೆ ಹೊದ್ದು ಕೂತಿರುತ್ತವೆ. ಅವಕ್ಕೂ ಸನ್ಮಾನ ಆದಂತಿದೆ.

ಮೊನ್ನೆ ಸಂತೆಯಲ್ಲಿ ಮೂಗಮ್ಮ ಸಿಕ್ಕಿದ್ದರು. “ಕ್ಲಾಸದೆ ಅಂತ ಇವಳ್ನ ಇಲ್ಲೇ ಬುಟ್ಟು ವಯನಾಡ್ಗೆ ಶುಂಠಿ ಕೆಲ್ಸಕ್ ಓಯ್ತಿದ್ದೆ ಶಿವಣ್ಣ. ಈಗ ಯಾಕ್ ಬುಡ್ಲಿ? ಜೊತೇಲೇ ಕರ್ಕಂಡ್ ಓಯ್ತಿನಿ” ಅಂದರು. ಶಾಂತಿ ಪಕ್ಕದಲ್ಲೇ ಇದ್ದಳು. ನಿಜ ಹೇಳಿದ್ದೇ ತನ್ನ ತಪ್ಪಾಯಿತಲ್ಲ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. “ಇನ್ನೊಂದ್ ಅಪ್‌ಡೇಟ್ ಬಂದದಂತೆ, ಆಕ್ಬುಟ್ಯ?” ಎಂದು ಕೇಳಿದಳು. ಹಾಕಿರಲಿಲ್ಲ. ಅಂದೇ ಹಾಕಿದೆ.

ಈ ಶಾಲು ಅವಳದು. ಮೇಜಿನ ಮೇಲೆ ಇಡುತ್ತಿದ್ದೇನೆ, ಅಗೌರವ ಎಂದು ತಿಳಿಯಬೇಡಿ. ಅಧ್ಯಕ್ಷರೇ, ಕೀಲಿ ನಿಮ್ಮ ಹತ್ತಿರ ಇದೆ. ಸಂಜೆ ತರಗತಿ ಮತ್ತೆ ತೆರೆಯುತ್ತದೆ ಎಂದು ಈ ಸಭೆಯಲ್ಲೇ ಒಂದು ಮಾತು ಹೇಳಿದರೆ, ಭೀಮನಬೀಡಿಗೆ ಈಗಲೇ ಹೋಗಿ ತಿಳಿಸಿ ಬರುತ್ತೇನೆ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮ್ಮೆಲ್ಲರಿಗೂ ಋಣಿ. ನಮಸ್ಕಾರ. ರಾತ್ರಿ ಮುಚ್ಚುವ ಬಂಡೀಪುರದ ಕಾಡುದಾರಿಯ ಗೇಟು ಬೆಳಿಗ್ಗೆ ಆರಕ್ಕೆ ತೆಗೆಯುತ್ತದೆ. ಶಾಂತಿ ನಾಳೆ ಅಮ್ಮನ ಜೊತೆ ವಯನಾಡಿಗೆ ಹೊರಡುತ್ತಾಳೆ.