ಟೀಚರಮ್ಮನಿಗೆ ರಜೆ ಯಾವಾಗ?

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಂಗಿ ಇಬ್ಬರು ಕುಳಿತಿದ್ದರು. ಅಕ್ಕ ಕೆನ್ನೆ ಹಿಡಿದುಕೊಂಡೇ ಮಾತಾಡುತ್ತಿದ್ದಳು.

“ಏನಕ್ಕಾ, ಕಣ್ಣೆಲ್ಲ ಒಳಗೆ ಹೋಗಿದೆ? ಹಲ್ಲುನೋವಿಗೆ ಇಷ್ಟೊಂದಾ?”

“ಹಲ್ಲಲ್ಲ ಕಣೇ, ಭಿನ್ನರಾಶಿ. ಶಾಲೆ ಬಿಡಿಸಿದ ಮೇಲೆ ಮನೇಲಿ ನಾನೇ ಟೀಚರಲ್ವಾ, ಬೆಳಗ್ಗೆಯಿಂದ ಹೇಳಿಕೊಟ್ಟು ಗಂಟಲು ಬಿದ್ದೋಯ್ತು. ಮೊದಲು ಮಗಳು ಅತ್ಲು, ಆಮೇಲೆ ನಾನೂ ಅತ್ತೆ.”

“ನನ್ನ ಮಗನ ಸರ್ಕಾರಿ ಶಾಲೇಲಿ ಆ ತೊಂದರೆ ಇಲ್ಲ. ಕುರಿ ತುಂಬಿದ ಹಾಗೆ ತುಂಬಿದಾರೆ. ಅವನಿಗೆ ಅರ್ಥ ಆಗಿಲ್ಲ ಅನ್ನೋದು ಟೀಚರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ.”

ಅಕ್ಕ ನಗಲು ಹೋಗಿ ಮತ್ತೆ ಕೆನ್ನೆ ಹಿಡಿದಳು.

“ನಿನ್ನ ಮಗಳು ಎಷ್ಟು ಚೆನ್ನಾಗಿ ಓದ್ತಾಳೆ ಅಕ್ಕಾ. ನೋಡಿದ್ರೆ ಹೊಟ್ಟೆ ಉರಿಯುತ್ತೆ.”

“ಓದ್ತಾಳೆ. ನಿನ್ನೆ ಏನು ಕೇಳಿದ್ಲು ಗೊತ್ತಾ? ‘ಶಾಲೆ ಟೀಚರು ಸಂಜೆ ಮನೆಗೆ ಹೋಗ್ತಿದ್ರು. ನೀನು ಯಾವಾಗ ಹೋಗ್ತೀಯಮ್ಮಾ?’ ಅಂತ.”

ತಂಗಿ ಅಕ್ಕನ ಕಡೆಗೆ ತಿರುಗಿ ಕುಳಿತಳು.

“ಮತ್ತೆ ಶಾಲೆಗೇ ಕಳಿಸ್ಬಿಡಕ್ಕಾ.”

“ತೊದಲ್ತಾಳೆ ಅಂತ ಎಲ್ಲರೂ ಆಡ್ಕೊಂಡು ನಗ್ತಿದ್ರು. ಅದಕ್ಕೇ ತಾನೇ ಬಿಡಿಸಿದ್ದು?”

“ಈಗ ನನ್ನ ಮಗನೂ ಅದೇ ಶಾಲೇಲಿ ಇದಾನಲ್ಲ, ನೋಡ್ಕೋತಾನೆ. ಮನೇಲಿ ಯಾರೂ ನಗಲ್ಲ, ಸರಿ. ಮಾತಾಡ್ತಾಳಾ?”

“ಕಮ್ಮಿ ಮಾಡಿದಾಳೆ. ಬಾಯಿ ತೆಗೆದ್ರೆ ಸಾಕು, ನಾನು ತಿದ್ದೋಕೆ ಶುರು ಮಾಡ್ತೀನಿ. ಮಲಗಿಸೋವಾಗ ಕೂಡ.”

ನರ್ಸ್ ಬಾಗಿಲು ತೆರೆದು ಒಳಗೆ ಬರಲು ಹೇಳಿದಳು. ಅಕ್ಕ ಎದ್ದು ಸೆರಗು ಸರಿಮಾಡಿಕೊಂಡಳು.

“ಕಳಿಸ್ತೀನಿ ಕಣೇ. ಅಲ್ಲಿ ಏನು ಕಲೀತಾಳೋ ಬಿಡ್ತಾಳೋ. ಸಂಜೆ ಬಂದು ಎಷ್ಟು ತೊದಲಿದ್ರೂ ಸುಮ್ನೆ ಕೂತು ಕೇಳಿಸ್ಕೋತೀನಿ.”

ತಂಗಿ ಅವಳ ಚೀಲ ಎತ್ತಿಕೊಂಡಳು. ಇಬ್ಬರೂ ಒಳಗೆ ಹೋದರು.